ಸೊನ್ನೆ ತೋರಿಸುವ ಮುಳ್ಳು

"ಮೂಗಂತೆ ಮೂಗು! ನಾಯಿಗೂ ಇರುತ್ತಲ್ಲೇ ಮೂಗು, ಅದನ್ನೂ ಕರ್ಕೊಂಡ್ ಬಂದು ಕುರ್ಚಿ ಹಾಕ್ಲಾ?"

ಪ್ರೊಫೆಸರ್ ಎಸೆದ ಗಾಜಿನ ತಟ್ಟೆ ಕುಕ್ಕರಮ್ಮನ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿದು ಚೂರಾಯಿತು. ಅವಳು ತೊಳೆಯುತ್ತಿದ್ದ ಸೀಸೆಯನ್ನು ತೊಳೆಯುತ್ತಲೇ ಇದ್ದಳು. ಲ್ಯಾಬಿನ ಸೀಸೆ, ತಟ್ಟೆಗಳನ್ನು ತೊಳೆದು, ಸೊಂಟದೆತ್ತರದ ಉಕ್ಕಿನ ಕುಕ್ಕರಿನಲ್ಲಿ ಹಬೆಗೆ ಬೇಯಿಸುವುದು ಹದಿನೇಳು ವರ್ಷದಿಂದ ಅವಳ ಕೆಲಸ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಇಷ್ಟೆಲ್ಲ ರಂಪ ಒಂದು ಬೂಷ್ಟಿಗಾಗಿ. ಗೆಡ್ಡೆ ಬೆಳೆಯನ್ನು ನೆಲದೊಳಗೇ ಕೊಳೆಸಿಬಿಡುವ ಬೂಷ್ಟು. ಹನ್ನೊಂದು ವರ್ಷದ ಹಿಂದೆ ಪ್ರೊಫೆಸರ್ ಅದನ್ನು ಕಂಡುಹಿಡಿದು, ಸತ್ತ ತನ್ನಪ್ಪನ ಹೆಸರನ್ನು ಅದಕ್ಕಿಟ್ಟು ದೊಡ್ಡ ಮನುಷ್ಯನಾಗಿದ್ದ. ಅಪ್ಪನ ಹೆಸರನ್ನು ಕೊಳೆರೋಗಕ್ಕೆ ಇಟ್ಟು ಮೆರೆಯುವ ಸುಪುತ್ರನನ್ನು ಕುಕ್ಕರಮ್ಮ ಬೇರೆಲ್ಲೂ ಕಂಡಿರಲಿಲ್ಲ. ಅವನು ಹೇಳಿದ ಔಷಧಿಯನ್ನೇ ಹೊಲಹೊಲಕ್ಕೂ ಹೊಡೆಯುತ್ತಿದ್ದರು. ಅರ್ಧ ಹೊಲಗಳಲ್ಲಿ ಅದು ನಾಟುತ್ತಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, ಹೊಡೆಯುವ ಕೂಲಿಗಳು ಕಳ್ಳರು, ನೀರು ಬೆರೆಸುತ್ತಾರೆ ಎಂದು ಬರೆದುಕೊಟ್ಟಿದ್ದ. ಆ ಕಾಗದ ಹಿಡಿದುಕೊಂಡು ಒಬ್ಬ ಯಜಮಾನ ತನ್ನ ಹೊಲಕ್ಕೆ ಔಷಧಿ ಹೊಡೆದಿದ್ದ ಕುಕ್ಕರಮ್ಮನ ತಮ್ಮನನ್ನು ಕಂಬಕ್ಕೆ ಕಟ್ಟಿ, ಕಬ್ಬಿಣದ ಸಲಾಕೆಯಿಂದ ಎರಡೂ ಮೊಣಕಾಲು ಮುರಿದಿದ್ದ. ಕಳ್ಳತನದ ಕೇಸೂ ತಮ್ಮನ ಮೇಲೆಯೇ ಬಿದ್ದಿತ್ತು.

ಲ್ಯಾಬಿನಲ್ಲಿ ಇನ್ನೊಬ್ಬಳು ದುಡಿಯುವವಳಿದ್ದಳು. ಡಾಕ್ಟರೇಟ್ ಮುಗಿಸಿದ ಮೇಲೂ ಆರು ವರ್ಷದಿಂದ ಗುತ್ತಿಗೆಯ ಮೇಲೆ ಬೂಷ್ಟಿನ ಜೀನು ಓದುತ್ತಿದ್ದ ಹುಡುಗಿ. ಅವಳ ಹುದ್ದೆಗೆ ಪೋಸ್ಟ್‌ಡಾಕ್ ಅನ್ನುತ್ತಾರೆ ಎಂದು ಕೇಳಿದ ದಿನವೇ ಕುಕ್ಕರಮ್ಮ ಅವಳಿಗೆ 'ಅಂಚೆ ಡಾಕ್ಟ್ರು' ಎಂದು ಹೆಸರಿಟ್ಟಿದ್ದಳು. ಅಂಚೆಯವರಿಗೂ ಬೇರೆ ಡಾಕ್ಟ್ರಿರ್ತಾರಾ ಎಂದು ನಿಜವಾಗಿಯೂ ಕೇಳಿದ್ದಳು. ಹುಡುಗಿ ಬಿದ್ದು ಬಿದ್ದು ನಕ್ಕಿದ್ದಳು.

ಅವಳಿಗೇ ಒಂದು ದಿನ ಕುಕ್ಕರಮ್ಮ ಹೇಳಿದ್ದು: "ಈ ಬೂಷ್ಟು ಎರಡು ಜಾತಿ ಕಣಮ್ಮ. ನೋಡಕ್ಕೆ ಒಂದೇ ಥರ. ಆದ್ರೆ ಒಂದು ನೆಂದ ಗೋಣಿಚೀಲದ ನಾತ, ಇನ್ನೊಂದು ಹುಳಿಬಿದ್ದ ಹಿಟ್ಟಿನ ನಾತ."

ಅಂಚೆ ಡಾಕ್ಟ್ರು ಹೊಲಗಳಿಂದ ತಂದ ಬೂಷ್ಟು ಬೆಳೆಸಿದ್ದ ನಲವತ್ತು ತಟ್ಟೆಗಳನ್ನು ಕುಕ್ಕರಮ್ಮನ ಮೂಗಿನ ಲೆಕ್ಕದಲ್ಲಿ ಎರಡು ಪಾಲು ಮಾಡಿ ಎಂಟು ತಿಂಗಳು ಜೀನು ಓದಿದಳು. ಒಂದೂ ತಪ್ಪಿರಲಿಲ್ಲ. ಅದು ಎರಡು ಜಾತಿಯೇ. ಔಷಧಿ ಸಾಯಿಸುತ್ತಿದ್ದುದು ಒಂದನ್ನು ಮಾತ್ರ. ತಮ್ಮ ನೀರು ಬೆರೆಸಿರಲಿಲ್ಲ ಅನ್ನುವುದಕ್ಕೆ ಲೋಕದಲ್ಲಿದ್ದ ಸಾಕ್ಷಿ ಅಂದರೆ ಆ ನಲವತ್ತು ತಟ್ಟೆ.

ಈಗ ಪ್ರೊಫೆಸರ್ ಒಂದು ಕಾಗದವನ್ನು ಸಿಂಕಿನ ಕಟ್ಟೆಯ ಮೇಲೆ ಬಡಿದ. "ತಟ್ಟೆಗಳ್ನ ನಾನೇ ಕಲಬೆರಕೆ ಮಾಡ್ದೆ ಅಂತ ಬರ್ದಿದೆ. ಸಹಿ ಹಾಕು."

"ಬೆರಸಿಲ್ಲ ಸಾರ್."

"ಹಾಕೇ, ಬೇವರ್ಸಿ!"

"ಬೆರಸಿಲ್ಲ ಅಂದ್ನಲ್ಲ."

ಅವನು ಸ್ಟೀಲಿನ ಸ್ಟ್ಯಾಂಡ್ ಎತ್ತಿ ಅವಳ ಮೂಗಿಗೇ ಬೀಸಿದ. ಮೂಳೆ ಮುರಿದ ಸದ್ದು ಅವಳ ತಲೆಯೊಳಗೇ ಕೇಳಿಸಿತು. ರಕ್ತ ತುಟಿ ದಾಟಿ, ಗಲ್ಲ ದಾಟಿ, ತೊಳೆದಿಟ್ಟ ಸೀಸೆಗಳ ಮೇಲೆ ಸುರಿಯಿತು. ಬಾಗಿಲಲ್ಲಿ ನಿಂತಿದ್ದ ಅಂಚೆ ಡಾಕ್ಟ್ರು "ಅಯ್ಯೋ, ಅಕ್ಕಾ!" ಎಂದು ಕಿರುಚಿ ಓಡಿಬಂದಳು. ಪ್ರೊಫೆಸರ್ ಅವಳ ಜಡೆ ಹಿಡಿದು ಪಕ್ಕಕ್ಕೆ ನೂಕಿದ.

"ಇನ್ನು ಮೂಸು, ನೋಡ್ತೀನಿ. ನಾನು ಕಾಫಿ ಕುಡಿದು ಬರೋಷ್ಟರಲ್ಲಿ ಇವಳ ನಲವತ್ತೂ ತಟ್ಟೆ ಕುಕ್ಕರಲ್ಲಿ ಬೇಯ್ತಿರಬೇಕು. ಇಲ್ಲಾಂದ್ರೆ ನಿನ್ ತಮ್ಮನ ಕೈನೂ ಮುರಿಸ್ತೀನಿ."

ಅವನು ಹೋದ. ಕುಕ್ಕರಮ್ಮ ಸೆರಗಿನಿಂದ ಮೂಗು ಒತ್ತಿ ಹಿಡಿದು ತಂಪು ಪೆಟ್ಟಿಗೆಯ ಬಾಗಿಲು ತೆಗೆದಳು. ಕೆಳಗಿನ ಖಾನೆಯಲ್ಲಿ ಹುಡುಗಿಯ ನಲವತ್ತು ತಟ್ಟೆ. ಮೇಲಿನ ಖಾನೆಯಲ್ಲಿ ಪ್ರೊಫೆಸರನ ಅಪ್ಪನ ಹೆಸರು ಹೊತ್ತ ಹನ್ನೆರಡು ಕೊಳವೆ. ಆ ಜಾತಿಯ ಮೂಲ ಮಾದರಿ ಅವೇ. ಅವು ಹೋದರೆ ಅಪ್ಪನ ಹೆಸರಿಗೆ ನೆಲೆಯೇ ಇಲ್ಲ, ಅಂಥ ಮಾಲು ಜೋಪಾನ ಎಂದು ಅವನೇ ನೂರು ಸಲ ಗದರಿದ್ದ.

ಅವಳು ಮೇಲಿನ ಖಾನೆಗೆ ಕೈ ಹಾಕಿದಳು.

"ಅಕ್ಕಾ, ಅದಲ್ಲ..." ಅಂದಳು ಹುಡುಗಿ.

"ಅದೇ ಕಣಮ್ಮ. ನಿನ್ ತಟ್ಟೆ ಚೀಲಕ್ಕೆ ಹಾಕ್ಕೋ. ಅಳೋದು ಆಮೇಲೆ."

ಕುಕ್ಕರಿನ ಮುಚ್ಚಳದ ನೆತ್ತಿಯಲ್ಲಿ ಒತ್ತಡ ತೋರಿಸುವ ಒಂದು ಮುಳ್ಳಿತ್ತು. ಎರಡು ವರ್ಷದಿಂದ ಸತ್ತು ಸೊನ್ನೆಯಲ್ಲೇ ಕೂತಿತ್ತು. ಅದನ್ನು ನಂಬಿ ಮುಚ್ಚಳ ತೆಗೆದ ದಿನ ಕುಕ್ಕರಮ್ಮನ ಎಡಗೈ ಚರ್ಮ ಮೊಣಕೈವರೆಗೆ ಸುಲಿದುಬಂದಿತ್ತು. ಮೂರು ಸಲ ಅರ್ಜಿ ಕೊಟ್ಟಿದ್ದಳು. ಮೂರು ಸಲವೂ ಪ್ರೊಫೆಸರ್ ಅದರ ಮೇಲೆ 'ಮುಳ್ಳು ಸರಿ ಇದೆ, ಕೆಲಸದವಳಿಗೆ ನೋಡಲು ಬರುವುದಿಲ್ಲ' ಎಂದು ಬರೆದು ವಾಪಸು ಕಳಿಸಿದ್ದ. ಆಮೇಲೆ ಅವಳು ಮುಳ್ಳು ನೋಡುವುದನ್ನೇ ಬಿಟ್ಟು, ಮುಚ್ಚಳದ ಗುಂಯ್‌ಗುಡುವಿಕೆ ಕೇಳಿಕೊಂಡು ಕೆಲಸ ಮಾಡುತ್ತಿದ್ದಳು.

ಪ್ರೊಫೆಸರ್ ಬಾಯೊರೆಸಿಕೊಳ್ಳುತ್ತ ಬಂದ. "ಬೆಂತಾ?"

"ಬೇಯ್ತಾ ಇದಾರೆ ಸಾರ್."

"ಯಾರೇ?"

"ನಿಮ್ಮಪ್ಪೋರು."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ತಂಪು ಪೆಟ್ಟಿಗೆ ತೆಗೆದ. ಮೇಲಿನ ಖಾನೆ ಬರಿದಾಗಿತ್ತು. ಅವನ ಗಂಟಲಿಂದ ಹೊರಟದ್ದು ಮನುಷ್ಯರ ಸದ್ದಲ್ಲ. ಕುಕ್ಕರಮ್ಮನ ಹೊಟ್ಟೆಗೆ ಒದ್ದು, ಬಿದ್ದವಳನ್ನು ತುಳಿದುಕೊಂಡೇ ಕುಕ್ಕರಿನತ್ತ ನುಗ್ಗಿದ. ಮುಚ್ಚಳದ ತಿರುಪುಗಳಿಗೆ ಕೈ ಹಾಕಿದ.

"ಸಾರ್, ತೆಗೀಬೇಡಿ! ಹಬೆ..." ಹುಡುಗಿ ಕೂಗಿದಳು.

"ಬಾಯ್ಮುಚ್ಚೇ! ಸೊನ್ನೇಲಿದೆ, ಕಣ್ ಕಾಣಲ್ವಾ?"

ಒಂದು ತಿರುಪು ಬಿಚ್ಚಿತು. ಎರಡನೆಯದು. ಹುಡುಗಿ ಕುಕ್ಕರಮ್ಮನ ಕಡೆ ನೋಡಿದಳು. ನೆಲದ ಮೇಲೆ ಬಿದ್ದಿದ್ದ ಕುಕ್ಕರಮ್ಮನಿಗೆ ಮುಚ್ಚಳ ಗುಂಯ್ ಅನ್ನುವುದು ಚೆನ್ನಾಗಿ ಕೇಳುತ್ತಿತ್ತು. ಮೂರು ಸಲ ಹೇಳಿದ್ದಳು. ನಾಲ್ಕನೆಯ ಸಲ ಹೇಳಲಿಲ್ಲ. ಹುಡುಗಿಯ ಕಾಲು ಹಿಡಿದು ಬಲವಾಗಿ ತನ್ನ ಕಡೆ ಎಳೆದುಕೊಂಡಳು, ಅಷ್ಟೇ.

ಮುಚ್ಚಳ ಸೂರಿಗೆ ಹೊಡೆಯಿತು. ಕೋಣೆಯೆಲ್ಲ ಬೆಳ್ಳಗಾಯಿತು. ಹಬೆ ಇಳಿದಾಗ ಪ್ರೊಫೆಸರ್ ಮಂಡಿಯೂರಿ ಕೂತಿದ್ದ. ಎರಡೂ ಕೈಗಳನ್ನು ಮುಖದಿಂದ ದೂರ ಹಿಡಿದುಕೊಂಡಿದ್ದ. ಬೆರಳುಗಳ ತುದಿಯಲ್ಲಿ ಚರ್ಮ ಜೋತಾಡುತ್ತಿತ್ತು. ಚೀರಲು ಬಾಯಿ ತೆರೆದಿದ್ದ, ದನಿ ಬರುತ್ತಿರಲಿಲ್ಲ.

ಪಡಸಾಲೆಯಿಂದ ಜನ ಓಡಿಬಂದರು. ಮುಂದೆ ಬಂದ ಆಫೀಸಿನವನು "ಏನಾಯ್ತು? ಯಾರು ಮಾಡಿದ್ದು?" ಎಂದು ಕೂಗಿದ.

ಕುಕ್ಕರಮ್ಮ ಗೋಡೆ ಹಿಡಿದು ಎದ್ದಳು. ಮೂಗಿನ ರಕ್ತವನ್ನು ಒರೆಸದೆ, ಉರುಳಿಬಿದ್ದ ಮುಚ್ಚಳದ ಕಡೆ ಕೈ ತೋರಿಸಿದಳು. ಮುಳ್ಳು ಆಗಲೂ ಸೊನ್ನೆಯಲ್ಲೇ ಇತ್ತು.

"ಮುಳ್ಳು ಸರಿ ಇದೆ ಸಾರ್," ಅಂದಳು. "ಅವರೇ ಬರ್ದಿದಾರೆ, ಮೂರು ಸಲ. ಕೆಲಸದೋಳಿಗೆ ನೋಡಕ್ಕೆ ಬರಲ್ಲ."