ಹೇಳದ ಹೆಸರು

ಸ್ಟ್ರೋಕ್ ಆದ ಮೇಲೆ ನನ್ನ ಹೆಂಡತಿ ದೇವಮ್ಮನ ಬಲಗೈ ಬಿದ್ದುಹೋಯಿತು, ಜೊತೆಗೆ ಸಾಮಾನುಗಳ ಹೆಸರೂ ಹೋಯಿತು. ಬಾಚಣಿಗೆ ಕೊಟ್ಟರೆ ತಲೆ ಬಾಚಿಕೊಳ್ಳುತ್ತಾಳೆ, ಇದೇನೆಂದು ಕೇಳಿದರೆ ಕಣ್ಣು ತುಂಬಿಕೊಳ್ಳುತ್ತಾಳೆ. ಒಂದೇ ಮಾತಿಗೆ ನನ್ನ ಬಾಯಿ ಮುಚ್ಚಿಸುತ್ತಿದ್ದ ಹೆಂಗಸು ಇವಳು! ಜಗಳವಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು.

ಸುಳ್ಯದಿಂದ ಪುತ್ತೂರಿಗೆ ಮಾತಿನ ಚಿಕಿತ್ಸೆಗೆ ಕರೆದೊಯ್ಯುತ್ತಿದ್ದೆ. ಅಲ್ಲಿ ಚಿತ್ರ ತೋರಿಸಿ ಹೆಸರು ಕೇಳುವ ಹುಡುಗಿ ಆಯಿಶತ್ ಶಿಫಾ. ಅವಳ ತಾಳ್ಮೆಯ ಕಾಲುಭಾಗವೂ ನನಗಿಲ್ಲ.

"ಅಮ್ಮನಿಗೆ ವಸ್ತು ಗೊತ್ತುಂಟು. ಹೆಸರು ಕೂಡ ಒಳಗೆ ಉಂಟು, ಹೊರಗೆ ಬರುವ ದಾರಿ ಮಾತ್ರ ಕಟ್ಟಿದ್ದು. ಮೊದಲ ಅಕ್ಷರ ಕೊಟ್ಟು ನೋಡುವ," ಎಂದು ಕತ್ತಿಯ ಚಿತ್ರ ಎತ್ತಿ ಹಿಡಿದಳು. "ಕ..."

ದೇವಮ್ಮ ಚಿತ್ರವನ್ನೇ ದಿಟ್ಟಿಸಿದಳು. "ಕತ್ತಿ," ಅಂದಳು. ನನಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಶಿಫಾ ನನ್ನತ್ತ ಕೈ ತೋರಿಸಿದಳು. "ಇವರ ಹೆಸರೆಂತ?"

ದೇವಮ್ಮ ತಲೆ ತಗ್ಗಿಸಿದಳು.

"ಜ..."

ಅವಳು ಎಡಗೈಯಿಂದ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅವಳು ಹೇಳುದಿಲ್ಲ ಮೇಡಂ," ಎಂದೆ. "ಗಂಡನ ಹೆಸರು ಹೇಳಿದ್ರೆ ಅವನ ಆಯುಷ್ಯ ಕಡಿಮೆ ಆಗ್ತದಂತೆ. ರೇಷನ್ ಅಂಗಡಿಯಲ್ಲೂ ಪಕ್ಕದವರ ಹತ್ರ ಹೇಳಿಸುದು."

ಹಾಗೆ ಹೇಳಿದೆನಾದರೂ ಎದೆಯೊಳಗೆ ಭಯ ಹೊಕ್ಕಿತ್ತು. ಹೇಳುತ್ತಿಲ್ಲವೋ, ತಿಳಿಯುತ್ತಿಲ್ಲವೋ? ಕತ್ತಿಯನ್ನು ಗುರುತಿಸಿದವಳು ನನ್ನನ್ನೇ ಮರೆತಿದ್ದರೆ? ಅವಳೆದುರು ನೆಲದಲ್ಲೇ ಕೂತೆ.

"ಒಂದೇ ಸಲ ಹೇಳು ಮಾರಾಯ್ತಿ. ನಾನು ಯಾರು?"

ಅವಳು ತಲೆ ಅಡ್ಡ ಆಡಿಸಿದಳು. ಬೇಡವೆಂದೋ, ಗೊತ್ತಿಲ್ಲವೆಂದೋ? ನಾನು ಬಿಡಲಿಲ್ಲ. ಹುಟ್ಟುಹಟಮಾರಿ ನಾನು, ಮತ್ತೆ ಮತ್ತೆ ಕೇಳಿದೆ. ಕೊನೆಗೆ ಸೆರಗಿನ ಹಿಂದಿನಿಂದ ಸಣ್ಣ ದನಿ ಬಂತು.

"ಜ... ಜತ್ತಪ್ಪ."

ಶಿಫಾ ಚಪ್ಪಾಳೆ ತಟ್ಟಿದಳು. ಮದುವೆಯಾದಂದಿನಿಂದ ಅವಳ ಬಾಯಲ್ಲಿ ಕೇಳದ ಹೆಸರು. ಪರರ ಮುಂದೆ ನಾಚಿಕೆಯಿಲ್ಲದೆ ಅತ್ತುಬಿಟ್ಟೆ. ದೇವಮ್ಮ ಮಾತ್ರ ನಗಲಿಲ್ಲ.

ಮರಳುವ ಬಸ್ಸಿನಲ್ಲಿ ನನಗೆ ಜೋಂಪು ಹತ್ತಿತು. ಮುಖಕ್ಕೆ ಏನೋ ತಾಗಿ ಕಣ್ಣು ಬಿಟ್ಟೆ. ದೇವಮ್ಮ ತನ್ನ ಎಡಗೈ ಬೆರಳುಗಳನ್ನು ನನ್ನ ಮೂಗಿನ ಕೆಳಗೆ ಹಿಡಿದು ಉಸಿರು ನೋಡುತ್ತಿದ್ದಳು.

"ಎಂತ ಆಗ್ಲಿಲ್ಲ. ಇದ್ದೇನೆ," ಅಂದೆ.

ಅವಳು ನಂಬಲಿಲ್ಲ. ಆ ಕೈಯನ್ನು ನನ್ನ ಎದೆಯ ಮೇಲಿಟ್ಟಳು, ಸುಳ್ಯ ಬರುವವರೆಗೂ ತೆಗೆಯಲಿಲ್ಲ.