ವಿಭಕ್ತಿ ಮೇಷ್ಟ್ರ ಕೊಂಡಿಗಳು

ಜಯರಾಮಪ್ಪ ಮೇಷ್ಟ್ರು ತಮ್ಮ ಜೀವಮಾನದಲ್ಲಿ ಒಂದು ನಾಮಪದವನ್ನೂ ಬರಿಮೈಯಲ್ಲಿ ಹೊರಗೆ ಕಳಿಸಿದವರಲ್ಲ. ನಾವು ನೀವೆಲ್ಲ ಕಾಫಿ ಕುಡಿದು, ಬಸ್ಸು ಹತ್ತಿ, ಮಾತಿನ ಬಾಲವನ್ನು ಅರ್ಧಕ್ಕೆ ನುಂಗಿ ಹೇಗೋ ಸಂಸಾರ ಸಾಗಿಸುತ್ತಿರುವಾಗ ಅವರು ಮಾತ್ರ ಕಾಫಿಯನ್ನು ಕುಡಿಯುತ್ತಿದ್ದರು, ಬಸ್ಸನ್ನು ಹತ್ತುತ್ತಿದ್ದರು, ಸಂತೆಯಲ್ಲಿ ಹುರುಳಿಕಾಯಿಯನ್ನು ಕೊಳ್ಳುತ್ತಿದ್ದರು, ಅದು ಬಲಿತಿದೆಯೆಂದು ಮಾರುವವಳ ಸಂಗಡ ಜಗಳವನ್ನು ಆಡುತ್ತಿದ್ದರು. ವಿಭಕ್ತಿ ಪ್ರತ್ಯಯವೆಂಬುದು ಅವರಿಗೆ ಬರೀ ವ್ಯಾಕರಣವಾಗಿರಲಿಲ್ಲ, ಮಾನ ಮರ್ಯಾದೆಯ ಪ್ರಶ್ನೆಯಾಗಿತ್ತು. ಮಂಡಿಕಲ್ ಕಡೆಯ ಹೈಸ್ಕೂಲೊಂದರಲ್ಲಿ ಕನ್ನಡ ಪಂಡಿತರಾಗಿ ಸೇರಿ ಅಲ್ಲಿಯೇ ನಿವೃತ್ತರಾದ ಅವರನ್ನು ಆ ಸೀಮೆಯ ಮಕ್ಕಳು ಬೆನ್ನ ಹಿಂದೆ ವಿಭಕ್ತಿ ಮೇಷ್ಟ್ರು ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಆಳು ಗಿಡ್ಡ. ಕಾಫಿಪುಡಿ ಬಣ್ಣದ ಕೋಟು. ಬೇಸಿಗೆಯಲ್ಲಿ ನಂದಿಬೆಟ್ಟದ ಬಂಡೆ ಬಿಸಿಯಾದರೂ ಆ ಕೋಟು ಮೈಯಿಂದ ಇಳಿಯುತ್ತಿರಲಿಲ್ಲ, ಮತ್ತು ನಿವೃತ್ತರಾಗಿ ವರ್ಷಗಳಾದರೂ ಅದರ ಜೇಬಿನಿಂದ ಸೀಮೆಸುಣ್ಣದ ಚೂರು ಹೊರಬೀಳುವುದು ನಿಂತಿರಲಿಲ್ಲ. ಅವರ ಜೊತೆಯಲ್ಲಿ ನಡೆಯುವುದೆಂದರೆ ನಡೆಯದೆ ನಿಲ್ಲುವುದು. ಚಿಕ್ಕಬಳ್ಳಾಪುರದ ಬಜಾರಿನಲ್ಲಿ ಪ್ರತಿಯೊಂದು ಅಂಗಡಿಯ ಬೋರ್ಡಿನ ಮುಂದೆಯೂ ಕತ್ತು ಮೇಲೆತ್ತಿ ನಿಂತು, ಓದಿ, ‘ಚ್ಚು’ ಎಂದು ಮುಂದಕ್ಕೆ ಹೋಗುವರು. ಒಮ್ಮೆ ಅವರ ಹಳೆಯ ಶಿಷ್ಯನಾದ ನಾನು ಅವರೊಂದಿಗೆ ಬಸ್ಸಿನಲ್ಲಿದ್ದೆ. “ಶಿಡ್ಲಘಟ್ಟಕ್ಕೆ ಎರಡು ಟಿಕೆಟುಗಳನ್ನು ಕೊಡಪ್ಪ” ಎಂದರು. ಕಂಡಕ್ಟರು ತುಂಟ. “ಟಿಕೆಟುಗಳನ್ನು ತಗೊಳ್ಳಿ ಸ್ವಾಮಿ, ಚಿಲ್ಲರೆಯನ್ನು ಕೊಡಿ, ಒಳಕ್ಕೆ ಜರುಗುವುದನ್ನು ಮಾಡಿ” ಎಂದ. ಬಸ್ಸೆಲ್ಲ ನಕ್ಕಿತು. ಮೇಷ್ಟ್ರು ನನ್ನ ಕಿವಿಯ ಹತ್ತಿರ ಬಗ್ಗಿ, ಅತ್ಯಂತ ತೃಪ್ತಿಯಿಂದ, “ನೋಡಿದ್ಯೇನಪ್ಪ, ಕಲೀತಾನೆ” ಎಂದರು.

ಅವರ ಹೆಂಡತಿ ಸುಬ್ಬಲಕ್ಷ್ಮಮ್ಮನವರು ಚಿಂತಾಮಣಿಯ ಆಚೆಗಿನವರು, ತವರಿನ ಭಾಷೆ ತೆಲುಗು. ಅವರ ಕನ್ನಡದಲ್ಲಿ ಪ್ರತ್ಯಯಗಳು ಬಂದರೆ ಬಂದವು, ಇಲ್ಲದಿದ್ದರೆ ಇಲ್ಲ. “ಏಮಂಡೀ, ಅನ್ನ ಬಡಿಸಿದೀನಿ, ಬರ್ತೀರೋ, ಇಲ್ಲ ಅನ್ನವನ್ನು ಅಂದ್ರೇನೇ ಬರೋದೋ?” ಎಂದು ಅಡುಗೆಮನೆಯಿಂದ ಕೂಗುವರು. ಇಡೀ ತಾಲ್ಲೂಕನ್ನು ತಿದ್ದಿದ ಮೇಷ್ಟ್ರು ಈ ಒಬ್ಬರನ್ನು ಮಾತ್ರ ತಿದ್ದುವ ಗೋಜಿಗೆ ಹೋಗದೆ ಸುಮ್ಮನೆ ಬಂದು ಊಟಕ್ಕೆ ಕೂರುತ್ತಿದ್ದರು.

ಚಿಕ್ಕಬಳ್ಳಾಪುರ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ ಅದು. ಊರಿನ ಹುಡುಗರೆಲ್ಲ ಆರ್ಕುಟ್ ಎಂಬ ಜಾಲತಾಣದಲ್ಲಿ ಮುಳುಗಿದ್ದರು. ಮೇಷ್ಟ್ರ ಹಳೆಯ ಶಿಷ್ಯರು ಶಾಲೆಯ ಹೆಸರಿನಲ್ಲಿ ಅಲ್ಲೊಂದು ಬಳಗ ಕಟ್ಟಿ, ಗುರುಗಳನ್ನೂ ಎಳೆದು ತಂದು ಅದರಲ್ಲಿ ಕೂರಿಸಿದರು. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಕನಕರಾಜನದು ಫೋಟೋ ಸ್ಟುಡಿಯೋ, ಜೆರಾಕ್ಸ್, ಸೈಬರ್ ಸೆಂಟರ್ ಮೂರೂ ಒಂದೇ ಮಳಿಗೆಯಲ್ಲಿ. ಅವನೂ ಶಿಷ್ಯನೇ. ಕನ್ನಡದಲ್ಲಿ ಟೈಪು ಮಾಡುವುದನ್ನು, ಚಿತ್ರವನ್ನು ಒಂದು ಪುಕ್ಕಟೆ ತಾಣಕ್ಕೆ ಏರಿಸುವುದನ್ನು ಮೇಷ್ಟ್ರಿಗೆ ಅವನೇ ಹೇಳಿಕೊಟ್ಟ. ಅಲ್ಲಿಂದ ಶುರುವಾಯಿತು ಅವರ ಉತ್ಸಾಹ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೆಗೆಸಿದ ಗುಂಪುಚಿತ್ರಗಳು ಯಾರು ಯಾರ ಮನೆಯ ಗೋಡೆಗಳಲ್ಲೋ ತೂಗುತ್ತಿದ್ದವಲ್ಲ, ಅವನ್ನೆಲ್ಲ ಎರವಲು ತಂದು, ಕನಕರಾಜನಲ್ಲಿ ಸ್ಕ್ಯಾನ್ ಮಾಡಿಸಿ, ಧೂಳು ಒರೆಸಿ ಮರಳಿಸಿ, ಒಂದೊಂದನ್ನೂ ತಾಣಕ್ಕೆ ಏರಿಸಿ, ಅದರ ವಿಳಾಸವನ್ನು ಬಳಗದಲ್ಲಿ ಪ್ರಕಟಿಸತೊಡಗಿದರು. ವಿಳಾಸದ ಕೆಳಗೆ, ನಿಂತವರ, ಕುಳಿತವರ, ಮಂಡಿಯೂರಿದವರ ಹೆಸರುಗಳ ಸಾಲು. ಅದರ ಕೆಳಗೆ ಶಿಷ್ಯರ ಮೆಚ್ಚುಗೆಯ ಸುರಿಮಳೆ: ಸೂಪರ್ ಸಾರ್, ಹಳೇದೆಲ್ಲ ನೆನಪಾಯ್ತು ಸಾರ್, ಕಣ್ಣಲ್ಲಿ ನೀರು ಬಂತು ಸಾರ್. ಮೇಷ್ಟ್ರು ಅದನ್ನೆಲ್ಲ ಓದಿಕೊಂಡು ಮನೆಗೆ ಬರುವಾಗ ಅಂಗಡಿಗಳ ಬೋರ್ಡನ್ನು ಕೂಡ ನೋಡುತ್ತಿರಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಮೇಷ್ಟ್ರು ಹಜಾರದಲ್ಲಿ ದಿನಪತ್ರಿಕೆಯನ್ನು ತಿದ್ದುತ್ತ ಕುಳಿತಿದ್ದಾಗ ಸುಬ್ಬಲಕ್ಷ್ಮಮ್ಮನವರು ಬಾಗಿಲಿನಿಂದಲೇ, “ಏಮಂಡೀ, ಯಾರೋ ವರಲಕ್ಷ್ಮಿ ಅನ್ನೋರು ಬಂದವ್ರೆ ನೋಡಿ” ಎಂದರು. ಬಂದವಳು ಮೂವತ್ತೈದರ ಆಸುಪಾಸಿನ ಹೆಂಗಸು, ಗೌರಿಬಿದನೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ, ಒಂದು ಕಾಲಕ್ಕೆ ಮೇಷ್ಟ್ರ ಶಿಷ್ಯೆ. ಕಾಲಿಗೆ ನಮಸ್ಕಾರ ಮಾಡಿ, ಕುರ್ಚಿಯ ತುದಿಯಲ್ಲಿ ಕುಳಿತು, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಬಂದ ಕಾರಣ ಹೇಳಿದಳು.

“ಸಾರ್, ನಮ್ಮ ವರ್ಷದ ಫೋಟೋ ನೀವು ಹಾಕಿದೀರಲ್ಲ, ಅದ್ರಲ್ಲಿ ನಮ್ಮಮ್ಮ ಅವ್ರೆ. ಅಮ್ಮ ಹೋಗಿ ನಾಲ್ಕು ವರ್ಷ ಆಯ್ತು. ಮನೇಲಿ ಅವ್ರದು ಇನ್ನೊಂದು ಫೋಟೋ ಇಲ್ಲ ಸಾರ್. ನಾನು ಆ ಲಿಂಕ್ ಒತ್ತಿ ಒತ್ತಿ ನೋಡ್ತೀನಿ, ಓಪನ್ನೇ ಆಗಲ್ಲ. ಎಲ್ಲಾರೂ ಸೂಪರ್ ಅಂತ ಬರ್ದವ್ರೆ. ನಮ್ಮೂರ ಕಂಪ್ಯೂಟರ್ದೇ ಏನೋ ತೊಂದ್ರೆ ಅಂದ್ಕೊಂಡು ಇಲ್ಲಿಗೇ ಬಂದೆ.”

ಗಂಡಸರಾಗಲಿ ಹೆಂಗಸರಾಗಲಿ, ಅಳು ತಡೆದುಕೊಂಡು ಮಾತಾಡುವವರ ಎದುರು ಮೇಷ್ಟ್ರಿಗೆ ಕೂರಲು ಆಗುತ್ತಿರಲಿಲ್ಲ. ಎದ್ದು ಕೋಟು ಹಾಕಿಕೊಂಡು, ಚಪ್ಪಲಿ ಮೆಟ್ಟಿ, “ನಡಿಯಮ್ಮ, ಕನಕರಾಜನಲ್ಲಿಗೆ ಹೋಗಣ” ಎಂದು ಹೊರಟೇಬಿಟ್ಟರು.

ಕನಕರಾಜನ ಅಂಗಡಿಯಲ್ಲಿ ಮೇಷ್ಟ್ರು ಬಳಗವನ್ನು ತೆರೆದು, ಮೊಟ್ಟಮೊದಲ ಬಾರಿಗೆ, ತಾವೇ ಕೊಟ್ಟ ಕೊಂಡಿಯನ್ನು ತಾವೇ ಒತ್ತಿದರು. ತಮ್ಮ ಬರಹವನ್ನು ತಾವೇ ಪರೀಕ್ಷಿಸುವುದು ಅನುಮಾನದ ಲಕ್ಷಣವೆಂದು ಅಲ್ಲಿಯವರೆಗೆ ಒತ್ತಿರಲಿಲ್ಲ. ಪುಟ ಸಿಗಲಿಲ್ಲವೆಂದು ಪರದೆ ಹೇಳಿತು. ಇನ್ನೊಂದು ಒತ್ತಿದರು, ಸಿಗಲಿಲ್ಲ. ಮತ್ತೊಂದು, ಅದೂ ಇಲ್ಲ. ಕನಕರಾಜ ಜೆರಾಕ್ಸ್ ಯಂತ್ರವನ್ನು ಬಿಟ್ಟು ಬಂದು ಬಗ್ಗಿ ನೋಡಿದ. ಚಿತ್ರದ ವಿಳಾಸ ಜೆಪಿಜಿ ಎಂಬಲ್ಲಿಗೆ ಮುಗಿಯಬೇಕು. ಮೇಷ್ಟ್ರು ಮುಗಿಸಿರಲಿಲ್ಲ. ಎಲ್ಲ ಕಡೆಯೂ ‘ಜೆಪಿಜಿಯಲ್ಲಿ ನೋಡಿರಿ’, ‘ಜೆಪಿಜಿಗೆ ಭೇಟಿಯನ್ನು ನೀಡಿರಿ’, ‘ಜೆಪಿಜಿಯನ್ನು ಒತ್ತಿರಿ’ ಎಂದಿತ್ತು. ಮಧ್ಯೆ ಒಂದು ಖಾಲಿ ಜಾಗ ಸಿಗುವವರೆಗೆ ಇರುವುದೆಲ್ಲವೂ ವಿಳಾಸವೇ ಎಂದು ತಿಳಿಯುವ ಕಂಪ್ಯೂಟರು ಮೇಷ್ಟ್ರ ಸಪ್ತಮಿಯನ್ನೂ ಚತುರ್ಥಿಯನ್ನೂ ದ್ವಿತೀಯೆಯನ್ನೂ ಕಟ್ಟಿಕೊಂಡು, ಲೋಕದಲ್ಲೆಲ್ಲೂ ಇಲ್ಲದ ಮನೆಗಳ ಬಾಗಿಲು ತಟ್ಟಿ ಬರಿಗೈಯಲ್ಲಿ ವಾಪಸಾಗುತ್ತಿತ್ತು.

“ನಾನೂ ನನ್ ಸಿಸ್ಟಮ್ಮೇ ಕೆಟ್ಟಿದೆ ಅಂದ್ಕೊಂಡಿದ್ದೆ ಸಾರ್,” ಎಂದ ಕನಕರಾಜ, ತಲೆ ಕೆರೆದುಕೊಳ್ಳುತ್ತ.

ಮೇಷ್ಟ್ರ ಮುಖ ಸಣ್ಣದಾಯಿತು. ಕೋಟಿನ ಗುಂಡಿಯನ್ನು ತಿರುವುತ್ತ, “ಹಾಗಾದರೆ ಇವರೆಲ್ಲ ಏನನ್ನು ನೋಡಿ ಸೂಪರ್ ಅಂದರಮ್ಮ?” ಎಂದು ಕೇಳಿದರು.

“ನಿಮ್ಮನ್ನ ಸಾರ್,” ಎಂದಳು ವರಲಕ್ಷ್ಮಿ.

“ನಿಮ್ಮನ್ನು,” ಎಂದು ತಿದ್ದಿದರು ಮೇಷ್ಟ್ರು.

ಕನಕರಾಜ ಬಾಲ ಕತ್ತರಿಸಿ ವಿಳಾಸವನ್ನು ಮತ್ತೆ ಒತ್ತಿದ. ಆ ಕಾಲದ ಸಂಪರ್ಕ ನಿಧಾನದ್ದು, ಚಿತ್ರ ಒಂದೇ ಏಟಿಗೆ ಬರುತ್ತಿರಲಿಲ್ಲ, ನಾಟಕದ ಪರದೆ ಇಳಿಸಿದ ಹಾಗೆ ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಇಳಿಯುತ್ತಿತ್ತು. ಮೊದಲು ಆಕಾಶ, ಆಮೇಲೆ ಶಾಲೆಯ ಹೆಂಚಿನ ಸೂರು, ಎಣ್ಣೆ ಹಚ್ಚಿ ಬಾಚಿದ ತಲೆಗಳು, ಇನ್ನೂ ಕಪ್ಪು ಕೂದಲಿದ್ದ ಮೇಷ್ಟ್ರು. ಎಲ್ಲರಿಗಿಂತ ಬಲತುದಿಯಲ್ಲಿ, ಚಿತ್ರದ ಚೌಕಟ್ಟಿನೊಳಗೆ ಅರ್ಧ ಮತ್ತು ಹೊರಗೆ ಅರ್ಧ ಎಂಬಂತೆ, ಸೊಂಟದ ಮೇಲೆ ಬಿಂದಿಗೆಯಿಟ್ಟುಕೊಂಡು ನಿಂತ ಒಬ್ಬ ಹೆಂಗಸು. ಶಾಲೆಗೆ ನೀರು ಹೊತ್ತು ತುಂಬುತ್ತಿದ್ದವಳು. ಫೋಟೋ ತೆಗೆಯುವವನಿಗೆ ನೀರು ಕೊಡಲು ಬಂದವಳು ನೋಡುತ್ತ ಅಲ್ಲೇ ನಿಂತಿದ್ದಳು. ನಗುತ್ತಿದ್ದಳು.

“ನಮ್ಮಮ್ಮ ಸಾರ್,” ಎಂದು ವರಲಕ್ಷ್ಮಿ ಪರದೆಯನ್ನು ಬೆರಳಿನಿಂದ ಮುಟ್ಟಿದಳು. ಅವಳ ಕಣ್ಣಿನಲ್ಲಿ ನೀರು, ಬಾಯಿಯಲ್ಲಿ ಅವಳಮ್ಮನದೇ ನಗು. ಕನಕರಾಜ ಏನನ್ನೂ ಕೇಳದೆ ಒಳ್ಳೆಯ ಕಾಗದ ಹಾಕಿ ಒಂದು ಪ್ರತಿಯನ್ನು ತೆಗೆದುಕೊಟ್ಟ.

ಆದರೆ ಮೇಷ್ಟ್ರ ಕಣ್ಣು ಬಳಗದಲ್ಲಿ ತಾವು ಬರೆದಿದ್ದ ಹೆಸರುಗಳ ಸಾಲಿನ ಮೇಲೆ ನಿಂತಿತ್ತು. ಮಂಡಿಯೂರಿದವರು, ಕುಳಿತವರು, ನಿಂತವರು, ಎಲ್ಲರಿಗೂ ಹೆಸರಿತ್ತು, ಇನಿಷಿಯಲ್ಲೂ ಇತ್ತು. ಕೊನೆಯಲ್ಲಿ, ಅವರದೇ ನಿರ್ದುಷ್ಟ ಕನ್ನಡದಲ್ಲಿ, ‘ಬಲತುದಿಯಲ್ಲಿ ನೀರಿನವಳು’ ಎಂದಿತ್ತು. ವರಲಕ್ಷ್ಮಿಯೂ ಅದನ್ನು ಓದಿದ್ದಳು, ಎಷ್ಟೋ ವಾರಗಳಿಂದ ಓದುತ್ತಲೇ ಇದ್ದಳು. ಒಂದು ಮಾತನ್ನೂ ಆಡಿರಲಿಲ್ಲ.

“ನಿಮ್ಮ ತಾಯಿಯ ಹೆಸರೇನಮ್ಮ?” ಎಂದು ಕೇಳುವಾಗ ಮೇಷ್ಟ್ರಿಗೆ ನಾಚಿಕೆಯಿಂದ ನೆಲ ಬಾಯಿಬಿಟ್ಟರೆ ಸಾಕೆನಿಸಿತ್ತು. ಆಕೆ ತುಂಬಿಟ್ಟ ನೀರನ್ನು ಅವರು ವರ್ಷಗಟ್ಟಲೆ ಕುಡಿದಿದ್ದರು.

“ಅಕ್ಕಯಮ್ಮ ಸಾರ್.”

ಅವಳನ್ನು ಗೌರಿಬಿದನೂರಿನ ಬಸ್ಸಿಗೆ ಹತ್ತಿಸಿ ಮನೆಗೆ ಹಿಂತಿರುಗುವಾಗ ಮೇಷ್ಟ್ರಿಗೆ ಒಂದಲ್ಲ, ಎರಡು ಸಂಕಟ. ಅಕ್ಕಯಮ್ಮನದು ಸರಿ, ಅದನ್ನು ತಿದ್ದಬಹುದು. ಆದರೆ ಎಲ್ಲ ಕೊಂಡಿಗಳನ್ನೂ ಸರಿಪಡಿಸಬೇಕೆಂದರೆ ಪ್ರತ್ಯಯವನ್ನು ಕೀಳಬೇಕು, ಪ್ರತ್ಯಯವನ್ನು ಕಿತ್ತರೆ ವಾಕ್ಯ ಕುಂಟುತ್ತದೆ. ‘ಜೆಪಿಜಿ ನೋಡಿರಿ’ ಎಂದು ಬರೆಯುವುದಕ್ಕಿಂತ ಬಳಗವನ್ನೇ ಬಿಟ್ಟುಬಿಡುವುದು ಮೇಲೆಂದು ಅರ್ಧ ದಾರಿಯಲ್ಲಿ ಅನ್ನಿಸಿತು. ಬಿಟ್ಟರೆ ಅಷ್ಟು ಮಕ್ಕಳ ಚಿತ್ರಗಳು ಯಾರ ಕಣ್ಣಿಗೂ ಬೀಳದೆ ಉಳಿಯುತ್ತವಲ್ಲ ಎಂದು ಉಳಿದ ಅರ್ಧ ದಾರಿಯಲ್ಲಿ ಅನ್ನಿಸಿತು. ಹೊಸ್ತಿಲಲ್ಲಿ ಒಂದು ಚಪ್ಪಲಿಯನ್ನು ಬಿಟ್ಟು ಇನ್ನೊಂದನ್ನು ಬಿಡುವಷ್ಟರಲ್ಲಿ ಒಳಗಿನಿಂದ ಸುಬ್ಬಲಕ್ಷ್ಮಮ್ಮನವರು ಕೇಳಿದರು.

“ಏಮಂಡೀ, ಆ ವರಲಕ್ಷ್ಮಿ ಅನ್ನೋರಿಗೆ ಫೋಟೋ ಸಿಕ್ತಾ?”

ಮೇಷ್ಟ್ರು ಒಂಟಿ ಚಪ್ಪಲಿಯಲ್ಲಿ ನಿಂತುಬಿಟ್ಟರು. “ಏನಂದೆ? ಇನ್ನೊಂದು ಸಲ ಹೇಳು.”

“ಫೋಟೋ ಸಿಕ್ತಾ ಅಂದೆ.”

“ಅದಲ್ಲ ಕಣೇ, ಅದರ ಹಿಂದಿನದು.”

“ವರಲಕ್ಷ್ಮಿ ಅನ್ನೋರಿಗೆ. ಯಾಕೆ, ಅದೂ ತಪ್ಪಾ?”

ತಪ್ಪಲ್ಲ. ಹೆಸರನ್ನು ಮುಟ್ಟದೆ ಹಾಗೆಯೇ ಬಿಟ್ಟು, ಪಕ್ಕದಲ್ಲಿ ‘ಅನ್ನೋರು’ ಎಂಬೊಂದು ಮಾತನ್ನು ನಿಲ್ಲಿಸಿ, ಪ್ರತ್ಯಯದ ಭಾರವನ್ನೆಲ್ಲ ಅದರ ಹೆಗಲಿಗೆ ಹಾಕುವ ಉಪಾಯ. ತಾವು ತಿದ್ದದೆ ಬಿಟ್ಟ ಒಂದೇ ಒಂದು ಕನ್ನಡದಿಂದ ಬಂದಿತ್ತು ಅದು. ಮರುದಿನ ಕನಕರಾಜ ಬಾಗಿಲು ತೆಗೆಯುವ ಮೊದಲೇ ಮೇಷ್ಟ್ರು ಹೋಗಿ ನಿಂತಿದ್ದರು. ಒಂದೊಂದನ್ನೂ ಅಳಿಸಿ ಮತ್ತೆ ಬರೆದರು: ವಿಳಾಸ, ಆಮೇಲೆ ಒಂದು ಖಾಲಿ ಜಾಗ, ಆಮೇಲೆ ‘ಎಂಬ ವಿಳಾಸದಲ್ಲಿ ನೋಡಿರಿ’. ಈ ಸಲ ಒಂದೊಂದನ್ನೂ ಒತ್ತಿ ನೋಡಿದರು. ಚಿತ್ರ ತೆರೆದುಕೊಂಡಾಗಲೆಲ್ಲ ‘ಹಾಂ’ ಎನ್ನುತ್ತಿದ್ದರಂತೆ, ಪಕ್ಕದಲ್ಲಿ ಕೂತವರು ತಿರುಗಿ ನೋಡುವಷ್ಟು ಗಟ್ಟಿಯಾಗಿ.

ತಮ್ಮದು ಮುಗಿದ ಮೇಲೆ ಕೈ ಸುಮ್ಮನಿರಲಿಲ್ಲ. ಶಿಡ್ಲಘಟ್ಟದ ರೇಷ್ಮೆಯವರ ಬಳಗ, ಚಿಂತಾಮಣಿಯ ಕ್ರಿಕೆಟ್ಟಿನವರ ಬಳಗ, ಎಲ್ಲಿ ಯಾರ ಕೊಂಡಿಗೆ ‘ಗೆ’ ಅಂಟಿದ್ದರೂ, ವಾಕ್ಯದ ಪೂರ್ಣವಿರಾಮ ಮೆತ್ತಿಕೊಂಡಿದ್ದರೂ ಅಲ್ಲಿಗೆ ಹೋಗಿ, ಸರಿಯಾದದ್ದನ್ನು ಕೆಳಗೆ ಕೊಟ್ಟು, ‘ತಮ್ಮ ವಿಳಾಸಕ್ಕೆ ಚತುರ್ಥಿಯು ಅಂಟಿತ್ತು, ಬಿಡಿಸಿದ್ದೇನೆ’ ಎಂದು ಬರೆದು ಬರುತ್ತಿದ್ದರು. “ಈ ಅಂಕಲ್ ಯಾರೋ?” ಎಂದು ಹುಡುಗರು ಗೇಲಿ ಮಾಡಿದರು. “ಅಂಕಲ್ ಅಲ್ಲಪ್ಪ, ಪಂಡಿತ” ಎಂದು ಉತ್ತರಿಸಿ ಮುಂದಿನ ಕೊಂಡಿಗೆ ಹೋದರು. ಅಷ್ಟು ಸಂತೋಷವಾಗಿ ಅವರನ್ನು ನಾನು ಶಾಲೆಯಲ್ಲಿದ್ದ ಕಾಲದಲ್ಲೂ ಕಂಡಿರಲಿಲ್ಲ.

ಇಷ್ಟಕ್ಕೆಲ್ಲ ಮೊದಲು, ಆ ಸೋಮವಾರ ಬೆಳಗ್ಗೆ ಅವರು ಎಲ್ಲಕ್ಕಿಂತ ಮುಂಚೆ ಸರಿಪಡಿಸಿದ್ದು ವರಲಕ್ಷ್ಮಿಯ ವರ್ಷದ ಚಿತ್ರವನ್ನು. ಕೊಂಡಿಯ ಬಾಲವನ್ನು ಬಿಡಿಸಿದ ಮೇಲೆ ಕೆಳಗಿನ ಸಾಲಿಗೆ ಬಂದು, ‘ನೀರಿನವಳು’ ಎಂಬುದನ್ನು ಅಳಿಸಿ, ಬಹಳ ಹೊತ್ತು ಕೂತು, ‘ಬಲತುದಿಯಲ್ಲಿ ನಿಂತವರು: ಶ್ರೀಮತಿ ಅಕ್ಕಯಮ್ಮನವರು’ ಎಂದು ಬರೆದರು. ಶಾಲೆಯಲ್ಲಿ ಆಕೆಗೆ ಯಾರೂ ಕೊಡದಿದ್ದ ಬಹುವಚನ. ಮಧ್ಯಾಹ್ನ ಗೌರಿಬಿದನೂರಿನಿಂದ ಒಂದೇ ಸಾಲಿನ ಉತ್ತರ ಬಂತು: “ಸಾರ್, ಈಗ ಓಪನ್ ಆಯ್ತು.”

ಇಂಥ ಹಟಮಾರಿಗಳನ್ನು ಕಂಡು ನಾವು ನಗುತ್ತೇವೆ, ನಗಬಾರದೆಂದೂ ನಾನು ಹೇಳುವುದಿಲ್ಲ, ಬಸ್ಸಿನಲ್ಲಿ ನಾನೂ ನಕ್ಕಿದ್ದೆ. ಅವರು ಊರೆಲ್ಲ ತಿದ್ದುತ್ತಾರೆ, ತಮ್ಮ ತಪ್ಪನ್ನು ಮಾತ್ರ ಎಲ್ಲರಿಗಿಂತ ಕೊನೆಯಲ್ಲಿ ಕಾಣುತ್ತಾರೆ. ಆದರೆ ಕಂಡ ದಿನ ಅದನ್ನು ಸಣ್ಣದೆಂದು ಬಿಟ್ಟುಬಿಡುವ ಜಾಣತನ ಅವರಿಗೆ ಬರುವುದಿಲ್ಲ. ಒಂದು ಹೆಸರಿನ ಬೆನ್ನಿಗೆ ಏನಿರಬೇಕು, ಏನಿರಬಾರದು ಎಂಬುದನ್ನೇ ಬದುಕಿಡೀ ಧೇನಿಸುವ ಆ ಜಾತಿಯ ಜನರ ಕೈಯಲ್ಲಿ ಯಾರ ಹೆಸರೂ ಕೆಟ್ಟುಹೋಗುವುದಿಲ್ಲ, ಒಂದಿಷ್ಟು ತಡವಾಗುತ್ತದೆ, ಅಷ್ಟೆ.