ಅವ್ವಿಯ ಹೆಸರಿನ ಸ್ಕೂಟರು

ಕುಮಟಾದ ಕೋರ್ಟಿನ ಜಗಲಿಯಲ್ಲಿ ಮಂಜು ಕೂಗಿಗೆ ಕಿವಿಗೊಟ್ಟು ಕೂತಿದ್ದ. ಒಳಗೆ ಕೂಗಲಿರುವುದು ಅವನ ಹೆಸರಲ್ಲ, ಅವನ ಅವ್ವಿ ನಾಗಮ್ಮನದು. ಸೊಪ್ಪು ಬೆಳೆದು ಹೊನ್ನಾವರ ಪೇಟೆಯಲ್ಲಿ ಮಾರುವ, ಸೈಕಲ್ಲನ್ನೂ ತುಳಿಯದ ಹೆಂಗಸು ಇವತ್ತು ಆರೋಪಿ! ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಣ್ಣುವವಳು ಇನ್ನೊಬ್ಬಳು.

ಮನೆಗೆ ಬರುವ ಮೊದಲ ಗಾಡಿ ತಾಯಿಯ ಹೆಸರಿನಲ್ಲಿದ್ದರೆ ಒಳ್ಳೆಯದಾಗುತ್ತದೆ ಎಂದು ಕೇರಿಯವರೆಲ್ಲ ಹೇಳಿದ್ದರು. ಹಾಗೇ ಸ್ಕೂಟರನ್ನು ನಾಗಮ್ಮನ ಹೆಸರಿಗೆ ಬರೆಸಿ, ಇಡಗುಂಜಿಗೆ ಒಯ್ದು, ಚಾವಿಯನ್ನು ಗಣಪತಿಯ ಮುಂದಿಟ್ಟು ತಂದದ್ದಾಯಿತು. ಓಡಿಸಿದವನು ಮಾತ್ರ ಮಂಜು. ಒಂದು ಮಳೆಗಾಲದಲ್ಲಿ ಕಿವಿಗೆ ಮೊಬೈಲು ಹಚ್ಚಿಕೊಂಡು ಕುಮಟಾ ಪೇಟೆ ದಾಟುವಾಗ ಪೊಲೀಸರು ಹಿಂದಿನಿಂದ ಫೋಟೊ ಹೊಡೆದರು. ದಂಡದ ನೋಟಿಸು ಬಂತು.

"ಸುಮ್ನಿರಾ ಮಾರಾಯಾ, ಮೂರು ವರ್ಷ ಆದ್ರೆ ಕೈಸಾಲದ ಪ್ರೋನೋಟು ಸಾಯೂದಿಲ್ವಾ? ಇದೂ ಹಂಗೇ," ಎಂದ ಗೆಳೆಯ ದಾಸ. ಮಂಜು ನಂಬಿದ. ಪುಕ್ಕಟೆ ಬುದ್ಧಿ ಹೇಳುವವರಿಗೆ ಊರಲ್ಲಿ ಬರವೇ? ಸತ್ತಿತೆಂದುಕೊಂಡ ಕೇಸು ಮೂರು ವರ್ಷದ ಮೇಲೆ ಸಮನ್ಸಾಗಿ ಎದ್ದು ಬಂತು, ಅದೂ ನಾಗಮ್ಮನ ಹೆಸರಿಗೆ.

"ಕೈಸಾಲಕ್ಕೂ ಇದಕ್ಕೂ ಎಂತ ಸಂಬಂಧ?" ಜಗಲಿಗೆ ಬಂದ ವಕೀಲ ಕೃಷ್ಣಾನಂದ ಸಿಡುಕಿದರು. "ಪೊಲೀಸರು ಕೋರ್ಟಿಗೆ ಹಾಕದೇ ಇಟ್ಕಂಡಿದ್ರೆ ವಾಯಿದೆ ಮೀರಿದೆ ಅಂತ ವಾದ ಮಾಡೂಕಾಗ್ತಿತ್ತು. ಇದು ಆಗ್ಲೇ ದಾಖಲಾಗಿದೆ, ಇನ್ನು ತಾನಾಗಿ ಸಾಯೂದಿಲ್ಲ. ಓಡಿಸಿದವ ನಾನು ಅಂತ ಒಪ್ಕಂಡು ಮುಗಿಸು."

ಒಪ್ಪಿಕೊಂಡರೆ? ಸೋಮವಾರದಿಂದ ಭಟ್ಕಳದಲ್ಲಿ ಶಾಲೆಯೊಂದರ ವ್ಯಾನು ಓಡಿಸುವ ಕೆಲಸ. ಕೇಸು ಗೀಸು ಇದ್ದರೆ ಬೇಡವೇ ಬೇಡ ಎಂದು ಶಾಲೆಯವರು ಮೊದಲೇ ಹೇಳಿದ್ದರು. ಕೂಲಿಗೆ ಅಲೆದು ಸಾಕಾದವನಿಗೆ ಸಿಕ್ಕ ಮೊದಲ ಸಂಬಳದ ಕೆಲಸ ಅದು. ಮಂಜು ತಲೆ ತಗ್ಗಿಸಿದ. ಪಕ್ಕದಲ್ಲಿ ಕೂತ ನಾಗಮ್ಮ ಮಗನ ಮುಖ ನೋಡಿದಳು.

ಹೆಸರು ಕೂಗಿದರು. ನ್ಯಾಯಾಧೀಶರು ಫೋಟೊ ತೋರಿಸಿದರು. ತಲೆ ಮುಚ್ಚಿದ ರೇನ್‌ಕೋಟಿನ ಬೆನ್ನು, ಕೆಳಗೆ ಗಾಡಿಯ ನಂಬರು.

"ಇದು ಯಾರಮ್ಮ?"

"ನಾನೇ ಒಡ್ಯಾ."

ಹಿಂದೆ ಕೂತಿದ್ದ ಮಂಜು ತಲೆ ಎತ್ತಿದ.

"ನೀವು ಸ್ಕೂಟರ್ ಓಡಿಸ್ತೀರಾ?"

"ಓಡಿಸ್ತೆ. ಬುಟ್ಟಿ ಹೊತ್ಕಂಡು ಹೊಳೆಯ ಒಂಟಿಮರದ ಸಂಕ ದಾಟ್ತೆ, ಇದೆಂತ ದೊಡ್ಡದು?"

"ಶುರು ಮಾಡೋದು ಹೇಗೆ, ಹೇಳಿ ನೋಡೋಣ."

ನಾಗಮ್ಮನ ಕೈ ಗಾಳಿಯಲ್ಲಿ ಏನನ್ನೋ ತಡಕಾಡಿತು. "ಚಾವಿ ತಿರುಪೂದು... ಗಣಪತಿ ನೆನಸೂದು."

ಹಿಂದೆ ಕೂತವರೆಲ್ಲ ಗೊಳ್ಳೆಂದು ನಕ್ಕರು. ಥೂ, ಅವರಿಗೆ ತಾಯಂದಿರಿಲ್ಲವೇ? ನ್ಯಾಯಾಧೀಶರು ನಗಲಿಲ್ಲ. "ಯೋಚಿಸಿ ಹೇಳಿ ಅಮ್ಮ. ಓಡಿಸಿದ್ದು ನೀವೇ ಆದರೆ ಲೈಸೆನ್ಸ್ ಇಲ್ಲದ ಕೇಸೂ ಸೇರುತ್ತೆ. ಹೇಳಿದ್ದು ಸುಳ್ಳಾದರೆ ಅದು ಇನ್ನೂ ದೊಡ್ಡದು. ಬರೆಸಲಾ?"

"ಬರ್ಸಿ ಒಡ್ಯಾ."

ಸುಗ್ಗಿಯ ಹಾಡು ಎತ್ತಿಕೊಂಡರೆ ಇಡೀ ಕೇರಿಗೆ ಕೇಳುತ್ತಿದ್ದ ದನಿ ಈಗ ಪಿಸುಮಾತಿನಷ್ಟಾಗಿತ್ತು. ಅವಳ ಕೈ ಇನ್ನೂ ಇಲ್ಲದ ಚಾವಿಯನ್ನು ಗಾಳಿಯಲ್ಲಿ ತಿರುಪುತ್ತಿತ್ತು. ಟೈಪು ಮಾಡುವವಳು ಬೆರಳು ಎತ್ತಿ ಕಾಯುತ್ತಿದ್ದಳು. ಸುಮ್ಮನೆ ಕೂತರೆ ಸೋಮವಾರ ಉಳಿಯುತ್ತದೆ, ವ್ಯಾನು ಉಳಿಯುತ್ತದೆ. ಕೂತಿರು, ಕೂತಿರು ಎನ್ನುತ್ತಿತ್ತು ಮನಸ್ಸು. ಆದರೆ ಆ ಕೈಯನ್ನು ನೋಡಿಯೂ ಕೂತಿರುವುದು ಅವನಿಂದಾಗಲಿಲ್ಲ.

"ಬರೆಸ್ಬೇಡಿ ಸಾರ್! ಓಡಿಸಿದ್ದು ನಾನು."

ದಂಡದ ಜೊತೆಗೆ ಮೂರು ತಿಂಗಳು ಯಾವ ಗಾಡಿಯನ್ನೂ ಮುಟ್ಟಬಾರದೆಂದು ಆಜ್ಞೆಯಾಯಿತು. ಭಟ್ಕಳದ ಕೆಲಸ ಅಲ್ಲಿಗೆ ಮುಗಿಯಿತು.

ಹೊರಗೆ ಬಂದದ್ದೇ ನಾಗಮ್ಮ ಹರಿಹಾಯ್ದಳು. "ಮಳ್ಳ! ಮತ್ತೆ ನಾ ಎಂತಕ್ಕೆ ಬಾಯಿ ಬಿಟ್ಟದ್ದು? ಕೆಲ್ಸ ಹೋತಲ್ಲ!"

"ಹೋಗ್ಲಿ ಅವ್ವಿ. ನಿನ್ನ ನೋಡಿ ನಗ್ತಿದ್ರು." ಮಂಜುವಿನ ಕಣ್ಣು ತುಂಬಿತು.

ಅವಳು ಕೈ ಚಾಚಿ ಸ್ಕೂಟರಿನ ಚಾವಿ ಇಸಿದುಕೊಂಡು ಸೆರಗಿಗೆ ಗಂಟು ಹಾಕಿದಳು.

"ಮೂರು ತಿಂಗ್ಳು ಆದ್ಮೇಲೆ ಕೊಡ್ತಿ ಅಲ್ದಾ?" ಎಂದ ಮಂಜು.

"ನೋಡ್ವ. ಆ ಮಳೆಲಿ ಫೋನು ಹಚ್ಕಂಡು ಹೋಗಿ ನೀ ಬಿದ್ದು ಸತ್ತಿದ್ರೆ, ನಾ ಯಾವ ಕೋರ್ಟಿಗೆ ಹೋಗೂದಾಗಿತ್ತು ಮಗನೇ?" ಎಂದು ನಾಗಮ್ಮ ಬಸ್ಸಿನ ಕಡೆ ನಡೆದಳು. "ಆ ಕೇಸಿಗೆ ನನ್ನ ಹತ್ರ ವಾಯಿದೆ ಇಲ್ಲ."